ತಲಪರಿಗೆ ಸೀಮೆಯ ಹಳ್ಳಗಳು: ನೆಲದಡಿಯಿಂದ ಶುರುವಾಗಬೇಕಾದ ದುರಸ್ತಿ

ಕೊರಟಗೆರೆಯಿಂದ ಹಿರಿಯೂರಿಗೆ, ಹಿರಿಯೂರಿನಿಂದ ಮೊಳಕಾಲ್ಮೂರಿಗೆ ಒಂದು ಗೆರೆ ಎಳೆದರೆ ಅದರ ಪೂರ್ವಕ್ಕೆ ಬೀಳುವ ಗಡಿಸೀಮೆಯೆಲ್ಲ ತಲಪರಿಗೆಗಳ, ಅಂದರೆ ಒರತೆ ತೋಡಿ ಕಾಲುವೆ ತೆಗೆದ ನೀರಿನ ಗುಂಡಿಗಳ, ನಾಡು. 19ನೇ ಶತಮಾನದ ಕೊನೆಯ ಭಾಗದಲ್ಲಿ ಬಂದ ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಇದನ್ನು ದಾಖಲಿಸಿದ್ದಾರೆ. ಈ ಸೀಮೆಯ ದಕ್ಷಿಣದಲ್ಲಿ ಮರಳು ನೆಲವನ್ನು ಅಷ್ಟಷ್ಟು ದೂರಕ್ಕೆ ತೋಡಿದರೂ ನೀರು ಮೇಲಕ್ಕೇ ಬರುತ್ತದೆ, ಉತ್ತರಕ್ಕೆ ಹೋದಂತೆ ಒರತೆ ಕಡಿಮೆಯಾಗುತ್ತದೆ, ಪಾವಗಡದಲ್ಲಿ ಮೆದುಬಂಡೆಯನ್ನು ಕಡಿದ ಮೇಲಷ್ಟೇ ನೀರು ಸಿಗುತ್ತದೆ ಎಂದು ಅವರು ವಿವರಿಸುತ್ತಾರೆ. ಸಿಕ್ಕ ನೀರನ್ನು ಕಿರುಗಾಲುವೆಯಲ್ಲಿ ಹೊಲಕ್ಕೆ ಹರಿಸುತ್ತಿದ್ದರು, ಇಲ್ಲವೇ ಕಪಿಲೆ ಬಾವಿ ಕಟ್ಟಿ ಎತ್ತುಗಳಿಂದ ಎತ್ತುತ್ತಿದ್ದರು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳು ಆ ಗೆರೆಯ ಮೇಲೋ ಅದರ ಪೂರ್ವಕ್ಕೋ ಬರುತ್ತವೆ. ಕೈಗೆಟುಕುವಷ್ಟು ಮೇಲೆ ನೀರಿದ್ದ ಇದೇ ನೆಲದಲ್ಲಿ ಇವತ್ತು ಎಂಟುನೂರು, ಸಾವಿರ ಅಡಿ ಕೊರೆಸಿಯೂ ಬರೀ ದೂಳು ಕಂಡ ರೈತರಿದ್ದಾರೆ.

ಬತ್ತಿದ ಹಳ್ಳ, ಹೂತುಹೋದ ತಲಪರಿಗೆ, ಕೆಟ್ಟ ಕೊಳವೆಬಾವಿ ನೀರು, ಈ ಮೂರನ್ನೂ ನಾವು ಬೇರೆ ಬೇರೆ ಕಡತಗಳಲ್ಲಿ ಇಟ್ಟುಕೊಂಡಿದ್ದೇವೆ. ಹಳ್ಳ ಸಣ್ಣ ನೀರಾವರಿ ಇಲಾಖೆಗೆ ಸೇರಿದ್ದು, ತಲಪರಿಗೆ ಯಾರಿಗೂ ಸೇರಿಲ್ಲ, ಕೊಳವೆಬಾವಿ ನೀರಿನ ಫ್ಲೋರೈಡ್ ಗ್ರಾಮೀಣ ಕುಡಿಯುವ ನೀರಿನ ವಿಭಾಗದ ತಲೆನೋವು. ನೆಲದಡಿ ಇವೆಲ್ಲ ಒಂದೇ ನೀರು. ಕಾಡುಪ್ರಾಣಿಗೂ ಕಪ್ಪೆಗೂ ಮೀನಿಗೂ ಮನೆಯಾಗುವಂಥ ಹಳ್ಳ ಮತ್ತೆ ಬೇಕು ಎನ್ನುವುದಾದರೆ ಈ ಮೂರು ಕಡತಗಳನ್ನು ಒಟ್ಟಿಗೆ ಬಿಚ್ಚಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನೀರಿನ ದಾರಿ ನೋಡೋಣ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಆಂಧ್ರದ ಗಡಿಯಾಚೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಗೊರವನಹಳ್ಳಿಯ ಬಳಿಯ ತೀತಾ ಜಲಾಶಯ ಕಟ್ಟಿರುವುದು ಇದೇ ನದಿಗೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರು, ಹಿಂದೂಪುರದ ಕಡೆ ಹರಿಯುವ ಉತ್ತರ ಪಿನಾಕಿನಿ ಮತ್ತೆ ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಕರ್ನಾಟಕದ ನೆಲ ಮುಟ್ಟುತ್ತದೆ. ಇತ್ತ ಶಿರಾ–ಹಿರಿಯೂರು ಹೆದ್ದಾರಿಯ ಮೇಲಿರುವ ತಾವರೆಕೆರೆ ಕಡೆಯ ನೀರಿನ ದಾರಿಯೇ ಬೇರೆ, ಅದರ ಇಳಿಜಾರು ವೇದಾವತಿಯತ್ತ. ಹೀಗೆ ನಾಲ್ಕು ತಾಲ್ಲೂಕುಗಳ ಮಳೆ ಅರ್ಧ ಪೆನ್ನಾರ್ ಕಣಿವೆಗೂ ಅರ್ಧ ಕೃಷ್ಣಾ ಕಣಿವೆಗೂ ಹಂಚಿಹೋಗುತ್ತದೆ. ಹಂಚುವಷ್ಟು ಮಳೆ ಇಲ್ಲಿಲ್ಲ ಅನ್ನುವುದು ಬೇರೆ ಮಾತು. ಪಾವಗಡದ ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಬಿದ್ದರೆ ಅದೇ ಒಳ್ಳೆಯ ವರ್ಷ.

ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ಹಳ್ಳಗಳು ಬೇಸಿಗೆಯವರೆಗೆ ಹೇಗೆ ಹರಿಯುತ್ತಿದ್ದವು? ಮಳೆ ನಿಂತ ಕೆಲವೇ ದಿನಗಳಲ್ಲಿ ಮೇಲ್ಮೈ ನೀರು ಸರಿದುಹೋಗುತ್ತದೆ. ಆಮೇಲೆ ಹಳ್ಳದಲ್ಲಿ ಕಾಣುತ್ತಿದ್ದುದೆಲ್ಲ ಅಂತರ್ಜಲವೇ. ಬೆಟ್ಟದ ಬುಡದ ಮರಳು, ಕೊಳೆತ ಬಂಡೆಯ ಪದರ, ಕೆರೆ ಅಂಗಳದ ಮೆಕ್ಕಲು ಮಣ್ಣು ಇವು ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ತಡೆದು, ತಗ್ಗು ಸಿಕ್ಕಲ್ಲಿ ಜಿನುಗಿಸುತ್ತಿದ್ದವು. ಆ ಜಿನುಗನ್ನು ಗುರುತಿಸಿ, ಹತ್ತಿಪ್ಪತ್ತು ಅಡಿ ತೋಡಿ, ಬಾಯಿಗೆ ಕಲ್ಲು ಕಟ್ಟಿ, ಅಲ್ಲಿಂದ ಕಾಲುವೆ ತೆಗೆದದ್ದು ತಲಪರಿಗೆ. ಕೆರೆಯ ನೀರು ತೂಬಿಗಿಂತ ಕೆಳಗಿಳಿದ ಮೇಲೆ ಅಚ್ಚುಕಟ್ಟಿನ ಬೆಳೆಯನ್ನು ಉಳಿಸುತ್ತಿದ್ದುದು ಎಷ್ಟೋ ಊರುಗಳಲ್ಲಿ ಇದೇ. ವರ್ಷಕ್ಕೊಮ್ಮೆ ಮನೆಗೊಂದು ಆಳು ಬಂದು ಹೂಳು ಎತ್ತಬೇಕು, ಸರದಿಯ ಮೇಲೆ ನೀರು ಬಿಡಬೇಕು, ಗಂಗಮ್ಮನಿಗೆ ಪೂಜೆ ಆಗಬೇಕು. ತುಮಕೂರಿನ ಲೇಖಕ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಊರೂರು ಅಲೆದು ಈ ವ್ಯವಸ್ಥೆಯನ್ನು ದಾಖಲಿಸದೇ ಹೋಗಿದ್ದರೆ ಹೊಸ ತಲೆಮಾರಿಗೆ ತಲಪರಿಗೆ ಇತ್ತು ಎಂಬುದೂ ತಿಳಿಯುತ್ತಿರಲಿಲ್ಲ.

ನೀರಾವರಿಯ ಲೆಕ್ಕದಲ್ಲಿ ಸುಲಭವಾಗಿ ಬಿಟ್ಟುಹೋಗುವ ಇನ್ನೊಂದು ಸಂಗತಿಯಿದೆ. ಇಡೀ ವರ್ಷ ತೇವ ಆರದ ಜಾಗ ಬಯಲುಸೀಮೆಯಲ್ಲಿ ಅಪರೂಪ. ತಲಪರಿಗೆಯ ಬಾಯಿ, ಅದರ ಕಾಲುವೆ, ಕಾಲುವೆ ಸೇರುವ ಹಳ್ಳ ಅಂಥ ಜಾಗಗಳಾಗಿದ್ದವು. ಅಲ್ಲಿ ಹೊಂಗೆ, ಅತ್ತಿ, ನೇರಳೆ, ಹೊಳೆಮತ್ತಿ, ಲಕ್ಕಿಪೊದೆ, ಕೇದಗೆ, ಜೊಂಡು ಬೆಳೆಯುತ್ತಿದ್ದವು. ಕೆರೆ ಒಣಗಿದ ವರ್ಷ ಕೊರವ ಮೀನು, ಹಾವುಮೀನು, ಏಡಿ, ಕಪ್ಪೆಗಳು ಜೀವ ಹಿಡಿದುಕೊಂಡು ಉಳಿಯುತ್ತಿದ್ದುದು ಈ ಗುಂಡಿಗಳಲ್ಲೇ. ಮುಂದಿನ ಮಳೆಗೆ ಕೆರೆ ತುಂಬಿದಾಗ ಅಲ್ಲಿಗೆ ಮೀನಿನ ಮರಿ ಹೋಗುತ್ತಿದ್ದುದು ಇಲ್ಲಿಂದ. ಒಂದು ತಲಪರಿಗೆ ಮುಚ್ಚಿತೆಂದರೆ ಅದರ ಕೆಳಗಿನ ಇಡೀ ಹಳ್ಳದ ಬೀಜದ ಕಣಜ ಬರಿದಾದ ಹಾಗೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು ಕೃಷ್ಣಮೃಗಗಳಿಗಾಗಿ 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಒಳ್ಳೆಯ ಕೆಲಸ. ಆ ಮೀಸಲಿಗೆ ಹೆಸರು ಕೊಟ್ಟ ನದಿಗೆ ಮಾತ್ರ ಅಂಥ ಯಾವ ರಕ್ಷಣೆಯೂ ಸಿಗಲಿಲ್ಲ.

ಕೆಡುಕು ಶುರುವಾದದ್ದು ಕೊಳವೆಬಾವಿಯಿಂದ ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೆಲದ ನೀರಿನ ಮಟ್ಟ ಹಳ್ಳದ ತಳಕ್ಕಿಂತ ಮೇಲಿರುವಷ್ಟು ಕಾಲ ನೆಲ ಹಳ್ಳಕ್ಕೆ ನೀರು ಕೊಡುತ್ತದೆ. ಪಂಪುಗಳು ಆ ಮಟ್ಟವನ್ನು ತಳಕ್ಕಿಂತ ಕೆಳಗೆ ಎಳೆದ ದಿನ ವ್ಯವಹಾರ ತಿರುಗುಮುರುಗಾಗುತ್ತದೆ, ಹಳ್ಳವೇ ನೆಲಕ್ಕೆ ನೀರು ಕೊಡಬೇಕಾಗುತ್ತದೆ. ಇಂಥ ಕಡೆ ಎಷ್ಟು ಚೆಕ್‌ಡ್ಯಾಂ ಕಟ್ಟಿದರೂ ನಿಂತ ನೀರು ಕೆಲವು ವಾರಗಳಲ್ಲಿ ಇಂಗಿ ಯಾರದೋ ತೋಟದ ಬೋರ್‌ವೆಲ್ಲಿಗೆ ಹೋಗುತ್ತದೆ. ರೈತರಿಗೆ ಅದು ಲಾಭವೇ ಇರಬಹುದು, ಹಳ್ಳಕ್ಕಂತೂ ಏನೂ ಉಳಿಯುವುದಿಲ್ಲ. ಕೊರಟಗೆರೆ, ಮಧುಗಿರಿ, ಶಿರಾ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಳಿಂದ ಕಾಣಿಸಿಕೊಳ್ಳುತ್ತಿವೆ. ಅಡಿಕೆ ತೋಟ ವರ್ಷವರ್ಷ ವಿಸ್ತರಿಸುತ್ತಿರುವಾಗ ಆ ಪಟ್ಟಿಯಿಂದ ಹೊರಬರುವುದು ಸುಲಭವಲ್ಲ.

ನೀರು ಕಡಿಮೆಯಾದದ್ದು ಅರ್ಧ ಕಥೆ. ಉಳಿದ ನೀರು ಕೆಟ್ಟದ್ದು ಇನ್ನರ್ಧ. ಅದರಲ್ಲೂ ಎರಡು ಬಗೆಯಿದೆ, ಎರಡರ ಮದ್ದೂ ಬೇರೆ ಬೇರೆ.

ಒಂದು, ಕೆಳಗಿನಿಂದ ಬಂದ ಕೇಡು. ರಾಮನಗರದಿಂದ ಮಾಗಡಿ, ಮಧುಗಿರಿ, ಪಾವಗಡದ ಮೂಲಕ ಉತ್ತರಕ್ಕೆ ಚಾಚಿರುವ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಯನ್ನು ಭೂವಿಜ್ಞಾನಿಗಳು ಚೆನ್ನಾಗಿ ಬಲ್ಲರು. ಮಧುಗಿರಿಯ ಏಕಶಿಲಾ ಬೆಟ್ಟ ಅದರದೇ ತುಂಡು. ಇಂಥ ಬಂಡೆಯೊಳಗಿನ ಬಯೋಟೈಟ್, ಅಪಟೈಟ್, ಫ್ಲೋರೈಟ್ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಂಡೆಯ ಬಿರುಕಿನಲ್ಲಿ ಎಷ್ಟು ಹೆಚ್ಚು ಕಾಲ ಕೂತಿರುತ್ತದೋ ಅಷ್ಟು ಹೆಚ್ಚು ಫ್ಲೋರೈಡ್ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬನೇಟ್ ಹೆಚ್ಚಿದ್ದರೆ ಇನ್ನೂ ಜಾಸ್ತಿ. ತಲಪರಿಗೆಯಲ್ಲಿ ಜಿನುಗುವುದು ಹೆಚ್ಚಾಗಿ ಒಂದೆರಡು ಮಳೆಗಾಲದ ಎಳೆಯ ನೀರು. ಸಾವಿರ ಅಡಿಯಿಂದ ಬರುವುದು ಬಹುಕಾಲ ಬಂಡೆಯ ಸಂಗ ಮಾಡಿದ ಹಳೆಯ ನೀರು. ಆಳಕ್ಕಿಳಿದಂತೆ ಫ್ಲೋರೈಡ್ ಏರುವುದಕ್ಕೆ ಇದು ಮುಖ್ಯ ಕಾರಣ. ಭಾರತದ ಕುಡಿಯುವ ನೀರಿನ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಪಾವಗಡದ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆ, ವಯಸ್ಸಿಗೆ ಮೊದಲೇ ಬಾಗಿದ ಬೆನ್ನು, ಮಡಚಲಾಗದ ಮಂಡಿ ಇವು ಆ ಮಿತಿ ಮೀರಿದ ನೀರನ್ನು ದಶಕಗಳ ಕಾಲ ಕುಡಿದದ್ದರ ಗುರುತು. ಪೂರ್ವ ಕರ್ನಾಟಕದ ಕೊಳವೆಬಾವಿಗಳನ್ನು ಪರೀಕ್ಷಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರಿಗೆ ಅನೇಕ ಹಳ್ಳಿಗಳಲ್ಲಿ ಯುರೇನಿಯಂ ಕೂಡ ಲೀಟರಿಗೆ 30 ಮೈಕ್ರೊಗ್ರಾಂ ಎಂಬ ಮಿತಿಯನ್ನು ದಾಟಿರುವುದು ಕಂಡಿದೆ, ತುಮಕೂರು ಜಿಲ್ಲೆಯೂ ಅದರಲ್ಲಿ ಸೇರಿದೆ. ಅದೂ ಬಂಡೆಯೊಳಗಿನದೇ.

ಆಳದ ಈ ನೀರು ಆಳದಲ್ಲೇ ಉಳಿದಿದ್ದರೆ ಹಳ್ಳಕ್ಕೆ ಅದರ ಗೊಡವೆ ಇರುತ್ತಿರಲಿಲ್ಲ. ನಾವೇ ಅದನ್ನು ಮೇಲೆತ್ತಿ ಹೊಲಕ್ಕೆ ಹರಿಸಿದೆವು. ಬಿಸಿಲಿಗೆ ನೀರು ಆವಿಯಾಯಿತು, ಉಪ್ಪು ಮಣ್ಣಿನಲ್ಲಿ ಉಳಿಯಿತು. ಮುಂದಿನ ಮಳೆ ಅದನ್ನು ಕರಗಿಸಿ ಮೇಲಿನ ಪದರಕ್ಕೆ, ಅಂದರೆ ತಲಪರಿಗೆಯ ಮೂಲಕ್ಕೇ, ಇಳಿಸುತ್ತದೆ. ಹೈದರಾಬಾದ್ ಬಳಿಯ ಮಹೇಶ್ವರಂ ಪ್ರದೇಶದಲ್ಲಿ ವಿಜ್ಞಾನಿಗಳು ಈ ಸುತ್ತನ್ನು ವಿವರವಾಗಿ ಅಭ್ಯಸಿಸಿದ್ದಾರೆ. ಆ ನೆಲವೂ ನಮ್ಮ ನೆಲದ ಹಾಗೆ ಗ್ರಾನೈಟ್, ಅಲ್ಲಿನ ಬೇಸಾಯವೂ ಕೊಳವೆಬಾವಿಯ ಬೇಸಾಯ. ಇದಕ್ಕೆ ಹೊಸದಾಗಿ ಸೇರಿಕೊಂಡಿರುವುದು ಶುದ್ಧ ಕುಡಿಯುವ ನೀರಿನ ಘಟಕಗಳ ತಿರಸ್ಕೃತ ನೀರು. ಆರ್‌ಓ ಯಂತ್ರ ಫ್ಲೋರೈಡನ್ನು ನಾಶ ಮಾಡುವುದಿಲ್ಲ. ಒಂದು ಕೊಡ ಶುದ್ಧ ನೀರು ಕೊಟ್ಟು ಹೆಚ್ಚುಕಡಿಮೆ ಇನ್ನೊಂದು ಕೊಡದಷ್ಟು, ಎಷ್ಟೋ ಸಲ ಅದಕ್ಕೂ ಹೆಚ್ಚು, ಗಟ್ಟಿ ಉಪ್ಪುನೀರನ್ನು ಹೊರಗೆ ಬಿಡುತ್ತದೆ. ಅದು ಸಾಮಾನ್ಯವಾಗಿ ಘಟಕದ ಹಿಂದಿನ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ ಹೋಗುತ್ತದೆ. ಊರಿನ ಹಲ್ಲು ಉಳಿಸಲು ಇಟ್ಟ ಯಂತ್ರ ಊರ ಹಳ್ಳಕ್ಕೆ ಫ್ಲೋರೈಡ್ ಸುರಿಯುತ್ತಿರುವುದನ್ನು ಯಾವ ಯೋಜನಾ ವರದಿಯೂ ಗಣನೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಎರಡನೆಯ ಬಗೆ ಮೇಲಿನಿಂದ ಇಳಿದದ್ದು. ಯೂರಿಯಾ, ಕೊಟ್ಟಿಗೆ, ಊರ ತಿಪ್ಪೆ, ಶೌಚಾಲಯದ ಗುಂಡಿ ಇವುಗಳಿಂದ ಬರುವ ನೈಟ್ರೇಟ್. ಮರಳುಮಿಶ್ರಿತ ನೆಲದಲ್ಲಿ ಇದು ನೀರಿನಷ್ಟೇ ಸಲೀಸಾಗಿ ಇಳಿಯುತ್ತದೆ. ಶೌಚಾಲಯ ಬಂದದ್ದು ಒಳ್ಳೆಯದೇ, ಆದರೆ ಅದರ ಗುಂಡಿ ಬೇಗ ತುಂಬಬಾರದೆಂದು ಹದಿನೈದು ಇಪ್ಪತ್ತು ಅಡಿ ಆಳ ತೋಡಿದಾಗ ಅದು ನೇರವಾಗಿ ತಲಪರಿಗೆಯ ನೀರಿನ ಪದರವನ್ನು ಮುಟ್ಟುತ್ತದೆ. ಬತ್ತಿದ ತೆರೆದ ಬಾವಿಗಳೆಲ್ಲ ಕಸದ ಗುಂಡಿಯಾಗಿರುವುದು ನಮ್ಮ ಯಾವ ಊರಿನಲ್ಲೂ ಹೊಸ ನೋಟವಲ್ಲ. ಬಾವಿ ಅಂದರೆ ಅಂತರ್ಜಲಕ್ಕೆ ತೆರೆದ ಬಾಯಿ, ಅದಕ್ಕೆ ಕಸ ಸುರಿಯುವುದು ಕುಡಿಯುವ ಕೊಡಕ್ಕೇ ಸುರಿದಂತೆ.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಅಂಕಿ ಇದೆ. ಮನುಷ್ಯರಿಗೆ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಸಿಹಿನೀರಿನ ಜೀವಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸ್ಪೇನಿನ ವಿಜ್ಞಾನಿ ಹೂಲಿಯೊ ಕಾಮಾರ್ಗೊ ಮತ್ತು ಸಂಗಡಿಗರು 2005ರಲ್ಲಿ ಹೇಳಿದ್ದು ಬೇರೆ. ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ನೈಟ್ರೇಟ್ ದೀರ್ಘಕಾಲ ಇದ್ದರೆ ಮೀನು, ಕಪ್ಪೆ, ನೀರುಹುಳುಗಳಿಗೆ ಹಾನಿ ಮಾಡಬಲ್ಲದು, ಸೂಕ್ಷ್ಮ ಜೀವಿಗಳು ಉಳಿಯಬೇಕಾದರೆ ಅದು ಸುಮಾರು 9 ಮಿಲಿಗ್ರಾಂ ಒಳಗಿರಬೇಕು. ಫ್ಲೋರೈಡಿನ ವಿಷಯವೂ ಹಾಗೆಯೇ. ಮೆದು ನೀರಿನಲ್ಲಿ ಅದು ಅರ್ಧ ಮಿಲಿಗ್ರಾಂ ದಾಟದಿದ್ದರೆ ಜಲಜೀವಿಗಳಿಗೆ ಕ್ಷೇಮ ಎಂದು ಅದೇ ಕಾಮಾರ್ಗೊ 2003ರಲ್ಲಿ ಬರೆದಿದ್ದರು. ನೀರು ಗಡುಸಾಗಿದ್ದರೆ ಕ್ಯಾಲ್ಸಿಯಂ ಸ್ವಲ್ಪ ಕಾಪಾಡುತ್ತದೆ. ಅಂದಮೇಲೆ ಪಂಚಾಯ್ತಿಯ ಪರೀಕ್ಷಾ ವರದಿಯಲ್ಲಿ ‘ಕುಡಿಯಲು ಯೋಗ್ಯ’ ಎಂದು ಬಂದ ನೀರು ಗೊದಮೊಟ್ಟೆಗೆ ಯೋಗ್ಯವಾಗಿರಬೇಕೆಂದಿಲ್ಲ. ಅದರ ಮೇಲೆ ನೈಟ್ರೇಟ್ ತಿಂದು ಕೊಬ್ಬಿದ ಪಾಚಿ ರಾತ್ರಿಯ ಹೊತ್ತು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ, ಬೆಳಗಾದರೆ ಮೀನು ಮೇಲೆ ತೇಲುತ್ತವೆ. ಹಳ್ಳದ ಆರೋಗ್ಯವನ್ನು ಮನುಷ್ಯರ ಮಾನದಂಡದಿಂದ ಅಳೆಯುವುದನ್ನು ನಾವು ಮೊದಲು ಬಿಡಬೇಕು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿದೆಯೇ, ಕಪ್ಪೆ ಮೊಟ್ಟೆಯಿಟ್ಟಿದೆಯೇ ಎಂದು ನೋಡಲು ಪ್ರಯೋಗಾಲಯ ಬೇಕಿಲ್ಲ. ಹೈಸ್ಕೂಲು ಮಕ್ಕಳು ಮಾಡಬಹುದಾದ ಕೆಲಸ ಅದು.

ಇನ್ನು ಮರಳು. ಜಯಮಂಗಲಿಯ ಮರಳು ಕೊರಟಗೆರೆ, ಮಧುಗಿರಿಯಿಂದ ಎಷ್ಟು ಲಾರಿ ಹೋಯಿತು ಎನ್ನುವುದಕ್ಕೆ ಸರಿಯಾದ ಲೆಕ್ಕ ಯಾರೂ ಇಡಲಿಲ್ಲ, ಅಕ್ರಮಕ್ಕೆ ಲೆಕ್ಕ ಇರುವುದೂ ಇಲ್ಲ. ಚಿಕ್ಕ ಖನಿಜಗಳ ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳುವ ಹೊತ್ತಿಗೆ ಎಷ್ಟೋ ಕಡೆ ಹೊಳೆಯ ಪಾತ್ರ ಜೇಡಿಮಣ್ಣಿನವರೆಗೆ ಬರಿದಾಗಿತ್ತು. ನೀರು ಹಿಡಿದಿಡುವುದಷ್ಟೇ ಮರಳಿನ ಕೆಲಸ ಎಂದು ನಾವು ತಿಳಿದಿದ್ದೇವೆ. ಹೊಳೆಯ ನೀರು ಮತ್ತು ನೆಲದ ನೀರು ಬೆರೆಯುವ ಆ ಮರಳಿನ ಪದರದಲ್ಲಿ ಕೋಟ್ಯಂತರ ಸೂಕ್ಷ್ಮಾಣುಗಳು ನೈಟ್ರೇಟನ್ನು ಒಡೆದು ಸಾರಜನಕವಾಗಿ ಗಾಳಿಗೆ ಬಿಡುತ್ತವೆ. ಯಾವ ಕರೆಂಟೂ ಬೇಡದ ಶುದ್ಧೀಕರಣ ಘಟಕ ಅದು. ಹೊಳೆಗೆ ಕೊಳಕು ಹೆಚ್ಚಿದ ಕಾಲಕ್ಕೇ ಸರಿಯಾಗಿ ಅದನ್ನು ತೊಳೆಯುವ ಮರಳನ್ನು ನಾವು ಬೆಂಗಳೂರಿನ ಮಹಡಿಗಳಿಗೆ ಮಾರಿಕೊಂಡೆವು. ಈ ಭಾಗದ ಎಲ್ಲ ನಷ್ಟಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ, ಏಕೆಂದರೆ ಇದನ್ನು ಮರಳಿ ಪಡೆಯುವುದು ನಮ್ಮ ಕೈಯಲ್ಲಿಲ್ಲ. ಬೆಟ್ಟ ಕರಗಿ ಮರಳಾಗಿ ಹೊಳೆಗೆ ಬರಲು ತಲೆಮಾರುಗಳು ಬೇಕು.

ದುರಸ್ತಿಯ ಪ್ರಯತ್ನಗಳು ಎಲ್ಲೆಲ್ಲಿ ಏನು ಕಲಿಸಿವೆ? ಹತ್ತಿರದಿಂದಲೇ ಶುರುಮಾಡೋಣ. ಜಿಲ್ಲೆಯಲ್ಲಿ ಉದ್ಯೋಗ ಖಾತ್ರಿಯ ಹಣದಲ್ಲಿ ತಲಪರಿಗೆಗಳ ಹೂಳೆತ್ತುವ ಕೆಲಸ ನಡೆದಿದೆ. ಮಳೆ ಚೆನ್ನಾಗಿ ಬಂದ 2022ರಂಥ ವರ್ಷದಲ್ಲಿ ಜಯಮಂಗಲಿಯೇ ದಡ ಮೀರಿ ಹರಿದಾಗ ಇವುಗಳಲ್ಲಿ ನೀರು ನಿಂತರೆ ಆಶ್ಚರ್ಯವಿಲ್ಲ. ಬರದ ವರ್ಷದ ಮಾರ್ಚಿನಲ್ಲಿ ನೀರು ಇರುತ್ತದೆಯೇ ಎಂಬುದು ನಿಜವಾದ ಪರೀಕ್ಷೆ. ಈ ಕೆಲಸಗಳಲ್ಲಿ ಕಾಣುವ ಒಂದು ದೋಷವನ್ನು ಹೇಳಲೇಬೇಕು: ಕಾಮಗಾರಿ ಕಣ್ಣಿಗೆ ಕಾಣಬೇಕೆಂದು ಸುತ್ತ ಕಾಂಕ್ರೀಟ್ ಗೋಡೆ ಎಬ್ಬಿಸುವುದು. ಜಿನುಗು ಬರುವುದೇ ಪಕ್ಕದಿಂದ. ಗೋಡೆ ಎದ್ದಲ್ಲಿ ಒರತೆ ಮುಚ್ಚುತ್ತದೆ, ಏಡಿಗೂ ಕಪ್ಪೆಗೂ ದಡ ಹತ್ತುವ ದಾರಿ ಇಲ್ಲವಾಗುತ್ತದೆ. ಹಿಂದಿನವರು ಗಾರೆಯಿಲ್ಲದೆ ಒಣಕಲ್ಲು ಜೋಡಿಸಿದ್ದು ಬಡತನದಿಂದಲ್ಲ, ತಿಳಿವಳಿಕೆಯಿಂದ. ಜೆಸಿಬಿಯೂ ಅಷ್ಟೇ ಅಪಾಯ. ಅದು ಹೂಳಿನ ಜೊತೆ ಕೆಳಗಿನ ಮರಳನ್ನೂ ಎತ್ತಿ ಹಾಕುತ್ತದೆ.

ಅರ್ಕಾವತಿಯ ಪಾಠ ಇದಕ್ಕಿಂತ ದೊಡ್ಡದು. ಆ ನದಿಯ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳಿಗೆ ನೀರು ಯಾಕೆ ಬರುತ್ತಿಲ್ಲ ಎಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಹುಡುಕಿದಾಗ, 2015ರಲ್ಲಿ ಪ್ರಕಟವಾದ ಅವರ ಅಧ್ಯಯನ ಮಳೆಯನ್ನು ದೂರಲಿಲ್ಲ. ಅಂತರ್ಜಲದ ಕುಸಿತ ಮತ್ತು ನೀಲಗಿರಿ ತೋಪುಗಳ ಕಡೆ ಬೆರಳು ತೋರಿತು. ಹೊಸ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು, ಹಳೆಯ ತೋಪುಗಳು ಇನ್ನೂ ನಿಂತಿವೆ. ಶಿವಗಂಗೆಯಲ್ಲಿ ಹುಟ್ಟಿ ಅರ್ಕಾವತಿಯನ್ನು ಸೇರುವ ಕುಮುದ್ವತಿಯ ಪುನಶ್ಚೇತನಕ್ಕೆ ಆರ್ಟ್ ಆಫ್ ಲಿವಿಂಗ್ ಕಾರ್ಯಕರ್ತರು 2013ರಿಂದ ಇಂಗುಬಾವಿ, ಕಲ್ಲುತಡೆಗಳ ಮೂಲಕ ದುಡಿದರು. ಶ್ರಮದಾನಕ್ಕೆ ಜನ ಕೂಡಿಸುವುದು ಸಾಧ್ಯ ಎಂಬುದನ್ನು ಅವರು ತೋರಿಸಿದ್ದಾರೆ. ಇಂಗಿಸಿದ ನೀರನ್ನು ಮೇಲೆತ್ತುವ ಪಂಪುಗಳಿಗೆ ಕಟ್ಟುಪಾಡು ಹಾಕುವ ಭಾಗ ಮಾತ್ರ ನಮ್ಮಲ್ಲಿ ಎಲ್ಲೂ ಕೈಗೂಡಿಲ್ಲ.

ಆ ಭಾಗ ಕೈಗೂಡಿದ್ದು ರಾಜಸ್ಥಾನದ ಅಲ್ವರಿನಲ್ಲಿ. ರಾಜೇಂದ್ರ ಸಿಂಗ್ ಅವರ ತರುಣ ಭಾರತ ಸಂಘ 1980ರ ದಶಕದ ಮಧ್ಯದಿಂದ ಮಳೆನೀರು ತಡೆಯುವ ಮಣ್ಣಿನ ಕಟ್ಟೆಗಳಾದ ಜೋಹಡ್‌ಗಳನ್ನು ಕಟ್ಟಿಸಿ ಅರ್ವರಿ ನದಿಗೆ ಜೀವ ತಂದಿತು. ನೀರು ಬಂದ ಮೇಲೆ ಏನಾಗುತ್ತದೆಂದು ಊಹಿಸಿದ ಆ ಸೀಮೆಯ 72 ಹಳ್ಳಿಗಳು ಅರ್ವರಿ ಸಂಸತ್ತು ಎಂಬ ಕೂಟ ಕಟ್ಟಿಕೊಂಡು ಯಾವ ಬೆಳೆ ಬೆಳೆಯಬಾರದು, ಎಲ್ಲಿಂದ ನೀರೆತ್ತಬಾರದು ಎಂದು ತಾವೇ ನಿಯಮ ಮಾಡಿಕೊಂಡವು. ಸಿಕ್ಕಿಂ ಸರ್ಕಾರ 2008ರ ಸುಮಾರಿಗೆ ಶುರುಮಾಡಿದ ಧಾರಾ ವಿಕಾಸ್ ಕಾರ್ಯಕ್ರಮ ಇನ್ನೊಂದು ಅಂಶವನ್ನು ಕಲಿಸಿತು. ಒರತೆಯ ಬಾಯಲ್ಲಿ ಕೆಲಸ ಮಾಡಿದರೆ ಸಾಲದು, ಆ ಒರತೆಗೆ ನೀರು ಉಣಿಸುವ ಗುಡ್ಡದ ಭಾಗ ಯಾವುದೆಂದು ಭೂವಿಜ್ಞಾನದಿಂದ ಗುರುತಿಸಿ ಅಲ್ಲಿ ಇಂಗಿಸಬೇಕು. ಈ ಅನುಭವದ ಮೇಲೆ ನೀತಿ ಆಯೋಗ 2018ರಲ್ಲಿ ಹಿಮಾಲಯದ ಒರತೆಗಳ ಬಗ್ಗೆ ಪ್ರತ್ಯೇಕ ವರದಿಯನ್ನೇ ತಂದಿತು. ಬಯಲುಸೀಮೆಯ ತಲಪರಿಗೆಗಳಿಗೆ ಅಂಥದ್ದು ಬರಬೇಕಾಗಿದೆ.

ಹೊರಗಿನಿಂದ ನೀರು ತಂದು ಸುರಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬಲವಾಗಿದೆ. ಹೇಮಾವತಿ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಬಂದಿದೆ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದಲ್ಲಿ ಚಾಲನೆ ಪಡೆದ ಎತ್ತಿನಹೊಳೆಯ ನೀರಿಗೆ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ ಜಲಾಶಯದ ಯೋಜನೆ ಇದೆ. ಪಾವಗಡ ತುಂಗಭದ್ರೆಯ ಹಿನ್ನೀರಿಗೂ ಭದ್ರಾ ಮೇಲ್ದಂಡೆಯ ನೀರಿಗೂ ವರ್ಷಗಟ್ಟಲೆ ಕಾದಿದೆ. ಕುಡಿಯುವ ನೀರಿಗೆ ಇವು ಬೇಕು, ಫ್ಲೋರೈಡ್ ಕುಡಿದು ಬಾಗಿದವರ ಮುಂದೆ ನಿಂತು ಬೇಡ ಎನ್ನುವ ಮನಸ್ಸು ಯಾರಿಗೂ ಬರಬಾರದು. ಹಳ್ಳದ ಮಟ್ಟಿಗೆ ಮಾತ್ರ ಕೋಲಾರವನ್ನು ನೋಡಿಬಂದು ಯೋಚಿಸಬೇಕು. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಬಿಡುವುದು 2018ರ ಜೂನ್‌ನಲ್ಲಿ ಶುರುವಾಯಿತು. ಅಂತರ್ಜಲದ ಮಟ್ಟ ಏರಿದ್ದು ನಿಜ. ನೀರನ್ನು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿ ಬಿಡುತ್ತಿರುವುದೂ ಅಷ್ಟೇ ನಿಜ. ಸಾರಜನಕ, ರಂಜಕ ಉಳಿದ ಆ ನೀರು ಕೆರೆಯಿಂದ ಇಂಗಿ ನಾಳೆ ಒರತೆಯಾಗಿ ಬರುತ್ತದೆ. ಮೂರನೇ ಹಂತದ ಸಂಸ್ಕರಣೆಗಾಗಿ ಕೋಲಾರದ ಜನ ಹೋರಾಡುತ್ತಿರುವುದು ಅದಕ್ಕೇ. ವೃಷಭಾವತಿ ಕಣಿವೆಯ ಸಂಸ್ಕರಿತ ನೀರನ್ನು ತುಮಕೂರಿನತ್ತ ತರುವ ಮಾತು ಇರುವಾಗ ಈ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ. ಆ ವೃಷಭಾವತಿಯ ಮೇಲ್ಭಾಗದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಇದೆ. ಅಲ್ಲಿನ ಅಂತರ್ಜಲಕ್ಕೆ ಸೇರಿದ ಕ್ರೋಮಿಯಂ ಅನ್ನು ತೆಗೆಯಲು ದಶಕಗಳಾದರೂ ಆಗಿಲ್ಲ. ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬೆಳೆಯುತ್ತಿರುವ ಈ ಹೊತ್ತೇ ಅಲ್ಲಿನ ಸುತ್ತಲ ಬಾವಿಗಳ ನೀರನ್ನು ಪರೀಕ್ಷಿಸಿ ದಾಖಲೆ ಇಟ್ಟುಕೊಳ್ಳಲು ಸರಿಯಾದ ಕಾಲ. ಕೆಟ್ಟ ಮೇಲೆ ಮೊದಲು ಹೇಗಿತ್ತು ಎಂದು ತೋರಿಸಲು ನಮ್ಮ ಬಳಿ ಏನೂ ಇರುವುದಿಲ್ಲ.

ಕಾಲದ ವಿಷಯದಲ್ಲಿ ಇಂಗ್ಲೆಂಡಿನ ಸುಣ್ಣಕಲ್ಲು ಸೀಮೆಯ ತೊರೆಗಳು ಎಚ್ಚರಿಕೆ ಹೇಳುತ್ತವೆ. ಅವೂ ಅಂತರ್ಜಲದಿಂದಲೇ ಹರಿಯುವ ತೊರೆಗಳು. ಅಲ್ಲಿ ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ಬಂಡೆಯೊಳಗೆ ವರ್ಷಕ್ಕೆ ಸುಮಾರು ಒಂದು ಮೀಟರಿನಷ್ಟೇ ಇಳಿಯುವುದರಿಂದ, ಗೊಬ್ಬರ ಕಡಿಮೆ ಮಾಡಿದ ದಶಕಗಳ ಮೇಲೂ ತೊರೆಗಳಲ್ಲಿ ಹಳೆಯ ನೈಟ್ರೇಟ್ ಬರುತ್ತಲೇ ಇದೆ. ನಮ್ಮ ತಲಪರಿಗೆಗಳ ಪದರ ತೆಳು, ಮರಳು ಸಡಿಲ. ಕೆಡುವುದು ಬೇಗ, ಹಾಗೆಯೇ ಕೊಳಕು ನಿಲ್ಲಿಸಿದರೆ ನಾಲ್ಕಾರು ಒಳ್ಳೆಯ ಮಳೆಗಾಲದಲ್ಲಿ ತೊಳೆದುಹೋಗುವ ಸಾಧ್ಯತೆಯೂ ಹೆಚ್ಚು. ಈ ಸೀಮೆಗೆ ನಿಸರ್ಗ ಕೊಟ್ಟಿರುವ ದೊಡ್ಡ ಅನುಕೂಲ ಇದು.

ಹಾಗಾದರೆ ಕೆಲಸ ಎಲ್ಲಿಂದ? ತಲಪರಿಗೆಯ ಸುತ್ತಲಿನ ನೆಲದಿಂದ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದು ಎಂಬ ಕಾಯ್ದೆ ಕರ್ನಾಟಕದಲ್ಲಿ 1999ರಿಂದ ಇದೆ, ಅಂತರ್ಜಲ ನಿಯಂತ್ರಣದ ಕಾಯ್ದೆ 2011ರಲ್ಲಿ ಬಂದಿದೆ. ಉಳಿದಿರುವ ತಲಪರಿಗೆಗಳನ್ನು ಕುಡಿಯುವ ನೀರಿನ ಮೂಲಗಳೆಂದು ಪಂಚಾಯ್ತಿಯ ಪುಸ್ತಕದಲ್ಲಿ ಬರೆಸಿದರೆ ಆ 500 ಮೀಟರಿನ ರಕ್ಷಣೆಯನ್ನು ಕೇಳಲು ಆಧಾರ ಸಿಗುತ್ತದೆ, ಹೊಸ ಕಾನೂನಿಗೆ ಕಾಯಬೇಕಿಲ್ಲ. ಆ ವ್ಯಾಪ್ತಿಯಲ್ಲಿ ಈಗಾಗಲೇ ಇರುವ ಬೋರ್‌ವೆಲ್ ರೈತರಿಗೆ ಹನಿ ನೀರಾವರಿಯ ಸಹಾಯಧನದಲ್ಲಿ ಮೊದಲ ಆದ್ಯತೆ ಕೊಡಬೇಕು. ಅವರನ್ನು ಶತ್ರುಗಳಂತೆ ಕಂಡರೆ ಯಾವ ತಲಪರಿಗೆಯೂ ಉಳಿಯುವುದಿಲ್ಲ, ಸಾಲ ಮಾಡಿ ಕೊರೆಸಿದವರು ಅವರು. ತಿಪ್ಪೆಗಳನ್ನು ಇಳಿಜಾರಿನ ಮೇಲ್ಗಡೆಯಿಂದ ಸರಿಸಬೇಕು, ಆಳದ ಶೌಚಗುಂಡಿಗಳ ಬದಲು ಆಳವಿಲ್ಲದ ಜೋಡಿಗುಂಡಿ ಆಗಬೇಕು, ಆರ್‌ಓ ಘಟಕದ ಉಪ್ಪುನೀರಿಗೆ ಆವಿಯಾಗಿಸುವ ತೊಟ್ಟಿ ಕಟ್ಟಬೇಕು. ಇವೆಲ್ಲ ಆಗುವವರೆಗೆ ಹೂಳೆತ್ತುವ ಕಾಮಗಾರಿಗೆ ಬಿಲ್ಲು ಮಾಡಬಾರದು ಎಂದೇ ನಾನು ಹೇಳುತ್ತೇನೆ. ಮೂಲ ಕೆಟ್ಟಿರುವಾಗ ಬಾಯಿ ಅಗಲಿಸಿ ಪ್ರಯೋಜನವಿಲ್ಲ.

ಹೂಳೆತ್ತುವುದು ಬೇಸಿಗೆಯಲ್ಲಿ, ಕೈಯಿಂದ, ಒಂದು ಮೂಲೆಯನ್ನು ಮೀನು ಕಪ್ಪೆಗಳಿಗೆ ಬಿಟ್ಟು ಆಗಬೇಕು. ಬಳ್ಳಾರಿ ಜಾಲಿಯನ್ನು ಬೇರುಸಹಿತ ಕಿತ್ತು ಹೊಂಗೆ, ಅತ್ತಿ, ನೇರಳೆ, ಕೇದಗೆಯನ್ನು ದಡಕ್ಕೆ ತರಬೇಕು. ಜೊಂಡನ್ನು ಪೂರ್ತಿ ಕೀಳಬಾರದು. ಅದು ನೈಟ್ರೇಟ್ ಹೀರುತ್ತದೆ, ವರ್ಷಕ್ಕೊಮ್ಮೆ ಕೊಯ್ದು ಹೊರಗೆ ಸಾಗಿಸಿದರೆ ಆ ಸಾರಜನಕವೂ ಹೊರಗೆ ಹೋಗುತ್ತದೆ. ಜೀವವೈವಿಧ್ಯ ಕಾಯ್ದೆ 2002ರ ಅಡಿ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಅದರಲ್ಲಿ ತಲಪರಿಗೆಗಳ ಹೆಸರು ಬರಲಿ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಿಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹರಿಯುತ್ತಿರುವ ಕೆಲವು ತಲಪರಿಗೆಗಳಿಗಾದರೂ ಆ ಪಟ್ಟ ಸಲ್ಲಬೇಕು. 2019ರ ಡಿಸೆಂಬರ್‌ನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ತುಮಕೂರು ಜಿಲ್ಲೆಗೂ ಬಂದು, ನೀರಿನ ಮಟ್ಟ ಅಳೆದು ಪಂಚಾಯ್ತಿಯಲ್ಲಿ ಪ್ರಕಟಿಸುವ ಅಭ್ಯಾಸ ತಂದಿದೆ. ಆ ಅಭ್ಯಾಸವನ್ನು ಒರತೆಗಳಿಗೂ ವಿಸ್ತರಿಸುವುದಕ್ಕೆ ದೊಡ್ಡ ಖರ್ಚಿಲ್ಲ.

ತಾವರೆಕೆರೆಯಿಂದ ನಾಗಲಮಡಿಕೆಯವರೆಗೆ ಈ ಬರಹ ಓದುವವರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರ ತಲಪರಿಗೆಯ ಹೆಸರನ್ನು, ಅದು ಮುಚ್ಚಿಹೋಗಿದ್ದರೂ ಸರಿ, ನಡಾವಳಿಯಲ್ಲಿ ಬರೆಸಿ. ಅದರ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಎಷ್ಟಿದೆ ಎಂದು ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಪರೀಕ್ಷೆ ಮಾಡಿಸಲು ಒತ್ತಾಯಿಸಿ. ಅದರ ಸುತ್ತ 500 ಮೀಟರ್ ಒಳಗೆ ಇನ್ನೊಂದು ಬೋರ್‌ವೆಲ್ ಕೊರೆಯಲು ಬಂದ ಲಾರಿಯನ್ನು ಅನುಮತಿ ಪತ್ರ ತೋರಿಸುವಂತೆ ಕೇಳಿ.